ಹಿತ್ತಾಳೆಯಲ್ಲಿ ಹೊರಳಿದ ಸೈಬೀರಿಯನ್

...ಅಥವಾ ಬೆಕ್ಕೇ ಬುಟ್ಟಿಯೊಳಗೆ ಹತ್ತಿ ಕೂತಿತೋ? ಕೂರಿಸಿದವನು ನಾನೇ ಎನ್ನುತ್ತಾಳೆ ಹೆಂಡತಿ ಗಿರಿಜಾ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ನಂಬಬೇಡಿ.

ನಾದಿನಿ ಸುಮಾ ಊರಿಗೆ ಹೋಗುವಾಗ ತನ್ನ ಸೈಬೀರಿಯನ್ ಬೆಕ್ಕು ಭೀಮನನ್ನು ಲಗ್ಗೆರೆಯ ನಮ್ಮ ಮನೆಯಲ್ಲಿ ಬಿಟ್ಟಿದ್ದಳು. ಈ ಬುಟ್ಟಿಯ ಪ್ರಸಂಗ ನಡೆದ ದಿನ ಸಂಜೆ ವಾಪಸ್ ಬರುವವಳಿದ್ದಳು. ಭೀಮನ ವಂಶಚರಿತ್ರೆಯನ್ನು ನಾನು ಮೊಬೈಲಿನಲ್ಲಿ ಓದಿದ್ದೆ: ರಷ್ಯಾದ ಹಿಮದಲ್ಲಿ ಬೆಳೆದ ತಳಿ, ಮೂರು ಪದರದ ಕೂದಲು, ತಲೆಮಾರುಗಳಿಂದ ಉಗ್ರಾಣದ ಇಲಿ ಹಿಡಿಯುವ ಉದ್ಯೋಗ, ನಾಯಿಯಂತೆ ಮನುಷ್ಯರ ಹಿಂದೆ ಸುತ್ತುವ ಸ್ವಭಾವ. ಲೋಹ ಕಡೆಯುವ ಪೀಣ್ಯದ ನನ್ನ ಲೇತ್ ಶಾಪಿನಲ್ಲಿ ಇಲಿಗಳು ವೈರು ಕಡಿಯುತ್ತಿದ್ದವು. ಇಷ್ಟು ಅನುಭವವಿರುವ ಅಭ್ಯರ್ಥಿಯನ್ನು ಸೋಫಾ ಮೇಲೆ ಬಿಟ್ಟು ಹೋಗುವುದೇ?

ಶಾಪಿನಲ್ಲಿ ಬುಟ್ಟಿ ತೆರೆದಾಗಲೇ ಇಲಿಯೊಂದು ಓಡಿತು. ಭೀಮ ಅದನ್ನು ತಪಾಸಣಾಧಿಕಾರಿಯಂತೆ ನೋಡಿ, ಹೋಗಲು ಬಿಟ್ಟ. ಆಮೇಲೆ ನಿಂತಿದ್ದ ಲೇತಿನ ಕೆಳಗೆ, ಇನ್ನೂ ಬೆಚ್ಚಗಿದ್ದ ಹಿತ್ತಾಳೆ ತುರಿಯಲ್ಲಿ ಮನಸಾರೆ ಹೊರಳಿದ. ಎದ್ದಾಗ ಬಂಗಾರದ ಬೆಕ್ಕು!

"ಸಾಹೇಬ್ರ, ಮೈ ನೆಕ್ಕಾಕ ಹತ್ತೈತ್ರಿ!" ಎಂದು ಕೂಗಿದ ಗದಗ ಕಡೆಯ ಆಪರೇಟರ್ ಬಸವರಾಜ.

ತುರಿ ಹೊಟ್ಟೆಗೆ ಹೋದರೆ?

ಲೋಹದ ಚೂರು ಬಿದ್ದ ಕಡೆ ನಮ್ಮ ಕೈ ತಾನಾಗಿ ಮ್ಯಾಗ್ನೆಟ್ ಎತ್ತಿಕೊಳ್ಳುತ್ತದೆ. ಬೆಕ್ಕಿನ ಮೈಮೇಲೆ ಆಡಿಸಿದೆ. ಒಂದು ಚೂರೂ ಏಳಲಿಲ್ಲ. ವರ್ಷಗಟ್ಟಲೆ ಹಿತ್ತಾಳೆ ಕಡೆದ ನನಗೆ ಅದು ಮ್ಯಾಗ್ನೆಟ್ಟಿಗೆ ಅಂಟದೆಂಬುದು ನೆನಪಾದದ್ದು ಆಗ! ಉಳಿದದ್ದು ಕಂಪ್ರೆಸರ್ ಗಾಳಿ. ಮನೆಗೆ ಹೊರಡುವ ಮುನ್ನ ನಾವೆಲ್ಲ ಅಂಗಿಯ ಧೂಳು ಹಾರಿಸಿಕೊಳ್ಳುವುದೇ ಅದರಲ್ಲಿ. ಪೈಪು 'ಬುಸ್' ಎಂದದ್ದೇ ತಡ, ಭೀಮ ನನ್ನ ಹೆಗಲು, ತಲೆ ತುಳಿದು ಚಾವಣಿಯ ತೊಲೆ ಏರಿದ. ಅಲ್ಲಿ ನೆಮ್ಮದಿಯಾಗಿ ಮತ್ತೆ ನೆಕ್ಕತೊಡಗಿದ.

ಗಿರಿಜಾಗೆ ಫೋನ್ ಮಾಡದೆ ವಿಧಿಯಿರಲಿಲ್ಲ. ಬಾಚಣಿಗೆ ಹಿಡಿದು ಆಟೋದಲ್ಲಿ ಬಂದಳು.

"ರೀ, ಇಲಿ ಹಿಡಿಯೋಕೆ ನನ್ ತಂಗಿ ಬೆಕ್ಕೇ ಬೇಕಿತ್ತಾ? ನೀವೇ ಹಿಡೀಬೋದಿತ್ತಲ್ಲ, ಬೇರೆ ಏನ್ ಕೆಲ್ಸ ಇದೆ ನಿಮ್ಗೆ? ಭೀಮಾ, ಬಾರೋ ಚಿನ್ನಾ!"

ಇಳಿದು ಬಂದ. ಅವಳ ಮಡಿಲಲ್ಲಿ ಕೂತು ಬಾಚಿಸಿಕೊಂಡ. ಮನೆಗೆ ಹೋಗುವ ದಾರಿಯಲ್ಲಿ ತೋರಿಸಿದಾಗ ಪಶುವೈದ್ಯರು ಅವನ ಹೊಟ್ಟೆ ನೋಡಿ ಗಾಬರಿಯಿಲ್ಲ ಎಂದರು. ಬಿಲ್ಲನ್ನು ಮಾತ್ರ ನನ್ನ ಕಡೆ ಚಾಚಿದರು.

ಸಂಜೆ ಸುಮಾ ಬಂದವಳೇ ಬೆಕ್ಕನ್ನು ಎತ್ತಿಕೊಂಡಳು. "ಅಕ್ಕಾ, ಕೂದಲು ಹೆಂಗ್ ಹೊಳೀತಿದೆ! ಏನ್ ಹಾಕಿದ್ರಿ ಭಾವ?"

ನಾನು ಬಾಯಿ ತೆರೆದೆ.

"ಲಗ್ಗೆರೆ ನೀರು ಕಣೇ," ಎಂದಳು ಗಿರಿಜಾ.

ಈಗ ಸುಮಾ ಎಲ್ಲಿಗೆ ಹೋದರೂ ಭೀಮನನ್ನು ಜೊತೆಗೇ ಕರೆದೊಯ್ಯುತ್ತಾಳೆ. ಯಾರಾದರೂ ಹೇಳಿದರೋ, ನನ್ನ ಮುಖ ನೋಡಿದ್ದೇ ಸಾಕಾಯಿತೋ, ನನಗೆ ಗೊತ್ತಿಲ್ಲ.