ಪರದೆಯ ಹುಡುಗನೂ ನಮ್ಮ ಅತ್ತೆಯೂ

ಅತ್ತೆಯವರನ್ನು ಕಣ್ಣಿನ ಆಪರೇಷನ್ನಿಗೆ ಒಪ್ಪಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಾನು ಹೆಂಡತಿಗೆ ಹೇಳಿದ್ದು ಬೆಳಗಿನ ಚಹಾ ಕುಡಿಯುವಾಗ. ಅವತ್ತು ಚಹಾ ಬಹಳ ಚೆನ್ನಾಗಿತ್ತು. ಚಹಾ ಚೆನ್ನಾಗಿದ್ದ ದಿನ ನಾನು ಇಂಥ ಮಾತುಗಳನ್ನು ಆಡಿಬಿಡುತ್ತೇನೆ.

ಗಿರಿಜಾ ಚಹಾದ ಬಸಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ನೀವು ಒಪ್ಪಸ್ತೀರಿ? ನಮ್ಮವ್ವ ನಿಮ್ಮ ಜೋಡಿ ಮಾತ ಆಡೂದಿಲ್ಲಲ್ರಿ."

ಅದು ನಿಜ. ಜಗಳವೇನೂ ಇಲ್ಲ. ಮುದಗಲ್ಲಿನ ನಮ್ಮ ಅತ್ತೆ ಹಳೆಯ ಕಾಲದವರು. ಅಳಿಯನ ಎದುರು ನಿಲ್ಲಬಾರದು, ಅಳಿಯನೊಡನೆ ನೇರವಾಗಿ ಮಾತಾಡಬಾರದು ಎಂಬ ಮರ್ಯಾದೆಯನ್ನು ನಮ್ಮ ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ನಾನು ಮನೆಯೊಳಗೆ ಕಾಲಿಟ್ಟರೆ ಸೆರಗು ಮುಖದ ಮೇಲೆ ಇಳಿಯುತ್ತದೆ. ನಾನು ಪಕ್ಕದಲ್ಲೇ ಕುಳಿತಿದ್ದರೂ ಮಾತೆಲ್ಲ ಗಿರಿಜಾಳ ಮೂಲಕವೇ ಸಾಗಬೇಕು.

"ಗಿರಿಜಾ, ಚಹಾಕ್ಕ ಸಕ್ಕರಿ ಸಾಕೇನು ಕೇಳು ನಿನ್ನ ಗಂಡಗ."

"ಸಾಕೇನ್ರಿ?"

"ಸಾಕು."

"ಸಾಕಂತಬೇ."

ಗಿರಿಜಾ ಇಲ್ಲದಿದ್ದಾಗ ಅವರು ಗೋಡೆಗೋ ಬೆಕ್ಕಿಗೋ ಹೇಳುತ್ತಾರೆ. ಒಮ್ಮೆ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದಾಗ, "ಬೆಕ್ಕ, ಅವ್ರ ಅಂಗಿ ಮ್ಯಾಲ ಚೇಳು ಏರಾಕತ್ತೈತಿ ನೋಡು" ಎಂದರು. ನಮ್ಮಿಬ್ಬರಲ್ಲಿ ಬೆಕ್ಕಿಗೇ ಮೊದಲು ಅರ್ಥವಾಯಿತು. ಅದು ಎದ್ದು ಓಡಿತು. ನಾನು ಆಮೇಲೆ ಓಡಿದೆ.

ಇಂಥ ಅತ್ತೆಯವರ ಒಂದು ಕಣ್ಣು ಪೂರ್ತಿ ಮಸುಕಾಗಿತ್ತು, ಇನ್ನೊಂದು ಅದೇ ದಾರಿಯಲ್ಲಿತ್ತು. ಕೌದಿ ಹೊಲಿಯುವುದರಲ್ಲಿ ಹೆಸರಾದವರು ಸೂಜಿಗೆ ದಾರ ಪೋಣಿಸಲಾಗದೆ ಕೈಬಿಟ್ಟಿದ್ದರು. ಒಂದು ದಿನ ನಮ್ಮ ಮಸ್ಕಿಯ ಮನೆಯಲ್ಲಿ ಮೊಳೆಗೆ ನೇತುಹಾಕಿದ್ದ ನನ್ನ ಅಂಗಿಯನ್ನು ಕಂಡು, ಸೆರಗು ಎಳೆದುಕೊಂಡು, ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ಅಂಗಿ ಹೊರಗೆ ಹೋಗಲಿ ಎಂದು ಬಹಳ ಹೊತ್ತು ಕಾದರು. ಅದನ್ನು ನೋಡಿ ನಾನು ನಕ್ಕೆ. ಗಿರಿಜಾ ಅಡುಗೆಮನೆಗೆ ಹೋಗಿ ಅತ್ತಳು. ಆಮೇಲೆ ನನಗೂ ನಗು ಬರಲಿಲ್ಲ.

ಸಿಂಧನೂರಿನ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಾಗಲೆಲ್ಲ ಅತ್ತೆ ತಪ್ಪಿಸಿಕೊಂಡಿದ್ದರು. ಒಮ್ಮೆ ಅಮಾವಾಸ್ಯೆ ಅಡ್ಡ ಬಂತು. ಇನ್ನೊಮ್ಮೆ ಯಾರೋ ಬಸುರಿಯ ಕುಬಸ. ಆಮೇಲೆ ಕಾರಣ ಹೇಳುವ ಗೋಜಿಗೂ ಹೋಗದೆ ಸೀದಾ ಮುದಗಲ್ ಬಸ್ಸು ಹತ್ತಿಬಿಟ್ಟರು. ಪೊರೆ ಗಟ್ಟಿಯಾಗಿದೆ, ಈ ಸೋಮವಾರವೂ ತಪ್ಪಿಸಿದರೆ ಆ ಕಣ್ಣು ಉಳಿಯುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ನನ್ನದು ಮಸ್ಕಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಎದುರು ಗೋಡೆಯ ಮೇಲೆ ಹೊಸ ಸಿನಿಮಾದ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಒಬ್ಬ ಹುಡುಗ, ಎರಡೂ ಕಣ್ಣು ಟ್ರ್ಯಾಕ್ಟರಿನ ಲೈಟಿನಂತೆ ಹೊಳೆಯುತ್ತಿದ್ದವು. ವಾಶರ್ ಒಯ್ಯಲು ಬಂದಿದ್ದ ಜವಳಗೇರಾ ಕಡೆಯ ಗಿರಾಕಿಯನ್ನು ಕಥೆ ಏನೆಂದು ಕೇಳಿದೆ.

"ಸಾದಾ ಹುಡುಗ್ರಿ. ಕಣ್ಣಿಗೆ ಏನೋ ಆಪರೇಷನ್ ಮಾಡ್ತಾರ. ಆಮ್ಯಾಲ ಗ್ವಾಡಿ ಆಚಿಗಿಂದೂ ಕಾಣತೈತಿ ಆತಗ."

ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಕೇಳಲಿಲ್ಲ. ಸದರಿ ಚಲನಚಿತ್ರವನ್ನು ಸದರಿ ಅತ್ತೆಯವರಿಗೆ ಭಾನುವಾರವೇ ತೋರಿಸತಕ್ಕದ್ದೆಂದು ಅಲ್ಲಿಯೇ ತೀರ್ಮಾನಿಸಿದೆ.

ಸಿನಿಮಾ ತೋರಿಸುತ್ತೇವೆಂದು ಹೇಳಿ ಅತ್ತೆಯವರನ್ನು ಮುದಗಲ್ಲಿನಿಂದ ಕರೆಸಿಕೊಂಡೆವು. ಸಿಂಧನೂರಿನ ಟಾಕೀಜಿನಲ್ಲಿ ಗಿರಿಜಾಳನ್ನು ನಡುವೆ ಕೂರಿಸಿ, ಅವಳ ಆ ಕಡೆಗೆ ಅತ್ತೆ, ಈ ಕಡೆಗೆ ನಾನು ಕುಳಿತೆವು. ಸಿನಿಮಾ ತೆಲುಗಿನಲ್ಲಿತ್ತು. ಅತ್ತೆಗೂ ಗಿರಿಜಾಳಿಗೂ ತೆಲುಗು ಬಾರದು. ನನಗೆ ಬರುತ್ತದೆ ಎಂದು ಮದುವೆಗೆ ಮೊದಲೇ ಅವರ ಮನೆಯಲ್ಲಿ ಹೇಳಿಕೊಂಡಿದ್ದೆ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರೊಡನೆ ವ್ಯಾಪಾರ ಮಾಡಿ ಕಲಿತ ತೆಲುಗು ಅದು. ಎಷ್ಟು, ನಾಳೆ ಬನ್ನಿ, ಸ್ಟಾಕ್ ಇಲ್ಲ. ಇದಿಷ್ಟರ ಬಲದ ಮೇಲೆ ನಾನು ದುಭಾಷಿಯ ಹೊಣೆ ಹೊತ್ತೆ.

ದೀಪ ಆರಿ ಪರದೆಯ ತುಂಬ ಹುಡುಗನ ಮುಖ ಬಂತು. ಅತ್ತೆ ಸೆರಗು ಸರಿಸಿ ಮುಂದಕ್ಕೆ ಬಾಗಿದರು.

"ಯವ್ವಾ, ಎಷ್ಟು ದೊಡ್ಡ ಮಾರಿ. ಕಣ್ಣು, ಮೂಗು, ಎಲ್ಲಾ ಕಾಣಾಕತ್ತೈತಿ ಗಿರಿಜಾ. ಒಂದು ಮಾರಿ ಪೂರ್ತಿ ಕಂಡು ಭಾಳ ದಿನಾ ಆಗಿತ್ತು."

ಗಿರಿಜಾ ಅವರ ಕೈ ಹಿಡಿದುಕೊಂಡಳು. ಟಿಕೇಟಿಗೆ ಕೊಟ್ಟಿದ್ದು ಅಲ್ಲಿಗೇ ಸಾರ್ಥಕವಾಯಿತು. ಆಗಲೇ ಎದ್ದು ಹೊರಗೆ ಬಂದುಬಿಡಬೇಕಿತ್ತು.

ಹುಡುಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಬಾಯಿಬಡುಕ. ರಿಪೇರಿಗೆ ಬಂದದ್ದನ್ನು ಇನ್ನಷ್ಟು ಕೆಡಿಸುವವನು. ಅಕ್ಕನಿಗೆ ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಲಾರಿಯ ಕೆಳಗೆ ನಿದ್ದೆ ಹೊಡೆಯುವವನು. ತನಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದು ಒಬ್ಬ ಹುಡುಗಿಯ ಮುಂದೆ ಜಂಬ ಕೊಚ್ಚಿಕೊಂಡು, ಆ ಮಾತನ್ನು ಉಳಿಸಿಕೊಳ್ಳಲಿಕ್ಕೆ ಯಾರೋ ಡಾಕ್ಟರು ಮಾಡುವ ಹೊಸ ಪ್ರಯೋಗಕ್ಕೆ ಹೆಸರು ಕೊಟ್ಟ. ಅವನನ್ನು ಮೇಜಿನ ಮೇಲೆ ಮಲಗಿಸಿ ಬೆಲ್ಟು ಬಿಗಿದರು.

ನಾನು ಕಾಯುತ್ತಿದ್ದ ಘಳಿಗೆ ಅದೇ. "ಗಿರಿಜಾ, ಹೇಳು. ಈಗ ಕಣ್ಣಿನ ಆಪರೇಷನ್. ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗೀತೈತಿ, ನೋವ ಇರೂದಿಲ್ಲ."

"ನೋವ ಇರೂದಿಲ್ಲಂತಬೇ," ಎಂದಳು ಗಿರಿಜಾ.

ಪರದೆಯ ಮೇಲೆ ಮಷಿನ್ನು ಹುಡುಗನ ಕಣ್ಣಿಗೆ ಇಳಿಯಿತು. ಅವನು ಚೀರಿದ ಚೀರಾಟಕ್ಕೆ ನನ್ನ ಕುರ್ಚಿ ಅದುರಿತು. ಕಿಡಿ ಹಾರಿತು, ಗಾಜು ಸಿಡಿಯಿತು, ಎಲ್ಲರಿಗಿಂತ ಮೊದಲು ಡಾಕ್ಟರು ಓಡಿದರು. ಕಟ್ಟಡ ಹೊತ್ತಿ ಉರಿದು ಚಾವಣಿ ಹಾರಿಹೋಯಿತು. ಚಾವಣಿಯ ಜೊತೆ ಪೇಷಂಟೂ ಹಾರಿಹೋದ!

ಅತ್ತೆ ಮೆಲ್ಲಗೆ ಕೇಳಿದರು. "ಗಿರಿಜಾ, ಸೋಮವಾರ ನನಗ ಮಾಡೂದು ಇದನ ಏನಂತ ಕೇಳು ನಿನ್ನ ಗಂಡಗ."

ಗಿರಿಜಾ ಕೇಳಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು, ಅಷ್ಟೇ. ಆ ನೋಟಕ್ಕೆ ದುಭಾಷಿ ಬೇಕಿರಲಿಲ್ಲ.

ಇಂಟರ್‌ವೆಲ್ಲಿನಲ್ಲಿ ಮಿರ್ಚಿ ಭಜಿ, ಚಹಾ ತಂದು ಇಬ್ಬರ ಕೈಗೂ ಕೊಟ್ಟೆ. ಗಿರಿಜಾ ಚೀಲ ಹೆಗಲಿಗೇರಿಸಿದಳು. ಅತ್ತೆ ಮಾತ್ರ ಏಳಲಿಲ್ಲ.

"ತಡಿಬೇ. ಆ ಹುಡುಗ ಉಳದಾನೋ ಇಲ್ಲೋ ನೋಡಿ ಹೋಗೂಣು. ಪಾಪ, ಯಾರ ಮಗನೋ."

ಹೀಗೆ ಉಳಿದೆವು. ಆದರೆ ಗಿರಿಜಾ ಕೋಳಿ ಕೂಗುವ ಮೊದಲೇ ಎದ್ದು ಬುತ್ತಿಗೆ ರೊಟ್ಟಿ ಬಡಿದು ಬಂದವಳು. ಹೊಟ್ಟೆಯಲ್ಲಿ ಮಿರ್ಚಿ, ಮೇಲೆ ತಣ್ಣನೆಯ ಗಾಳಿ. ದೀಪ ಆರುತ್ತಿದ್ದಂತೆ ಅವಳ ತಲೆ ನನ್ನ ಹೆಗಲಿಗೆ ಬಿತ್ತು. ಅತ್ತೆಗೂ ನನಗೂ ಇದ್ದ ಒಂದೇ ಲೈನು ಕಟ್ಟಾಯಿತು.

ಹುಡುಗ ಉಳಿದಿದ್ದ. ಹಾರಲೂ ಕಲಿತಿದ್ದ. ಬುದ್ಧಿ ಮಾತ್ರ ಹಳೆಯದೇ. ಗೋಡೆಯಾಚೆಗೆ ಕಾಣುವ ಕಣ್ಣನ್ನು ಪಕ್ಕದ ಮನೆಯಲ್ಲಿ ಏನು ಅಡುಗೆ ಎಂದು ನೋಡಲು ಬಳಸುತ್ತಿದ್ದ. ಮರದ ಮೇಲೆ ಸಿಕ್ಕಿಕೊಂಡ ಪಟ ತೆಗೆದುಕೊಡಲು ಹೋಗಿ ಮರವನ್ನೇ ಕಿತ್ತು ಮನೆಯ ಮೇಲೆ ಕೆಡವಿದ. ನನಗೆ ಅವನನ್ನು ಕಂಡರೆ ಸಿಟ್ಟು ಬರಬೇಕಿತ್ತು. ಯಾಕೋ ಬರಲಿಲ್ಲ. ಎಲ್ಲೋ ನೋಡಿದವನಂತೆ ಕಾಣುತ್ತಿದ್ದ.

ಕರಿ ಕೋಟಿನ ಒಬ್ಬ ಬಂದು ಹುಡುಗನ ಹೆಗಲ ಮೇಲೆ ಕೈ ಹಾಕಿದ. ಅತ್ತೆ ಗಿರಿಜಾಳನ್ನು ಅಲುಗಿಸಿದರು. ಏಳಲಿಲ್ಲ. ನನ್ನನ್ನು ಕೇಳುವಂತಿಲ್ಲ. ಕೊನೆಗೆ ಪರದೆಯನ್ನೇ ಕೇಳಿದರು.

"ಯಪ್ಪಾ, ಈ ಕರೇ ಕೋಟಿನಾಂವ ಯಾರಪಾ ನಿನಗ?"

ಹುಡುಗ ಉತ್ತರಿಸಲಿಲ್ಲ. ಅವನ ಪರವಾಗಿ ನಾನೇ ಹೇಳಬೇಕಾಯಿತು, ಅದೂ ನಿದ್ದೆಯಲ್ಲಿದ್ದ ಹೆಂಡತಿಗೆ. "ಗಿರಿಜಾ, ಆತ ಹುಡುಗನ ಸೋದರಮಾವ ಅಂತ ಹೇಳು."

ಹಿಂದಿನ ಸಾಲಿನಿಂದ ಕ್ಯಾಂಪಿನ ಮನುಷ್ಯನೊಬ್ಬ ಬಾಗಿದ. "ಅಣ್ಣಾ, ಮಾವ ಅಲ್ರಿ. ವಿಲನ್ ಆತ. ಹುಡುಗನ್ನ ಕೊಲ್ಲಾಕ ಬಂದಾನ."

"ಗಿರಿಜಾ, ಮಾವ ಅಲ್ಲಂತ."

"ನನಗೂ ಹಂಗ ಅನಿಸ್ತಪಾ," ಎಂದು ಅತ್ತೆ ಪರದೆಗೆ ಹೇಳಿದರು. "ಸೋದರಮಾವ ಆಗಿದ್ರ ಕುತಿಗಿ ಯಾಕ ಹಿಚುಕ್ತಿದ್ದ?"

ಏಟು ತಿಂದ ಹುಡುಗ ಹೇಗೋ ತಪ್ಪಿಸಿಕೊಂಡು ನೀರಿನ ಟಾಕಿಯ ಮೇಲೆ ಒಬ್ಬನೇ ಹೋಗಿ ಕುಳಿತ. ಇಷ್ಟು ಹೊತ್ತು ಜಂಬ ಹೊಡೆಯುತ್ತಿದ್ದವನು ಮೊಣಕಾಲಿನ ನಡುವೆ ಮುಖ ಇಟ್ಟು ಅಳತೊಡಗಿದ. ಟಾಕೀಜಿನಲ್ಲಿ ಸದ್ದಿರಲಿಲ್ಲ. ಆ ಮೌನದಲ್ಲಿ ನಮ್ಮ ಅತ್ತೆ, ಮನೆಯ ಕಟ್ಟೆಯ ಮೇಲೆ ಕುಳಿತು ಮಾತಾಡಿದಂತೆ, ಅವನೊಡನೆ ಮಾತಿಗಿಳಿದರು.

"ಅಂಜಿಕಿ ಇಲ್ಲ ಅಂತ ಯಾಕ ಹೇಳಿದ್ಯಪಾ? ಅಂಜಿಕಿ ಐತಿ ಅಂದಿದ್ರ ಯಾರರ ಬಂದು ಕೈ ಹಿಡಕೊಂಡು ಕುಂದ್ರತಿದ್ರು. ನಾನೂ ನಿನ್ನಂಗ. ಅಮಾಸಿ ಐತಿ, ಕುಬಸ ಐತಿ ಅಂತ ಸುಳ್ಳ ನೆವ ಹೇಳೀನಿ."

ಗಿರಿಜಾಳ ತಲೆ ಅಲುಗದಂತೆ ನಾನು ಅವರ ಕಡೆ ಕಿವಿಗೊಟ್ಟೆ.

"ಸೂಜಿಗೆ ಅಂಜೂದಿಲ್ಲಪಾ ನಾ. ಹರೇದಾಗಿಂದ ಸೂಜಿ ಹಿಡದಾಕಿ. ಆಪರೇಷನ್ ಕೆಟ್ಟು ಇದ್ದಷ್ಟು ಕಣ್ಣೂ ಹೋದ್ರ? ಮಗ, ಸೊಸಿ ಹಗಲೆಲ್ಲಾ ಹೊಲದಾಗ ಇರ್ತಾರ. ಮಗಳ ಮನ್ಯಾಗ ಕುಂದ್ರಬೇಕಾಕತಿ. ಮಗಳು ನೀರಿಗೆ ಹೋದಾಗ ನನಗ ನೀರಡಿಕಿ ಆದ್ರ, ಅಳಿಯಂದ್ರ ಮುಂದ ಬಾಯಿ ತೆಗಿಲಾರದಾಕಿ ಹೆಂಗ ಕೇಳ್ಲಿ? ಬೆಕ್ಕು ಎಲ್ಲಿ ಐತಿ ಅಂತನೂ ಕಾಣೂದಿಲ್ಲ ನನಗ."

ಬೆಕ್ಕಿನ ಮಾತಿಗೆ ನಗು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅವರು ಸೂಜಿಗೆ ಹೆದರುತ್ತಾರೆ ಎಂದು ನಾನು ಊರೆಲ್ಲ ಹೇಳಿಕೊಂಡು ನಕ್ಕಿದ್ದೆ.

"ಅಳಿಯಂದ್ರು ಚಲೋರು," ಎಂದು ಅತ್ತೆ ಮುಂದುವರಿಸಿದರು. "ನಿನ್ನಂಗ ಅದಾರ. ಬಾಯಿ ದೊಡ್ಡದು. ಒಂದು ಮಾಡಾಕ ಹೋದ್ರ ಇನ್ನೊಂದು ಆಕತಿ. ಆದ್ರ ಮನಸು ಕೆಟ್ಟದಲ್ಲ. ಅದಕ್ಕ ನೀನೂ ನನಗ ಮನಸಿಗೆ ಬಂದಿ. ಅಳಬ್ಯಾಡ, ಏಳು."

ಅವನನ್ನು ಎಲ್ಲಿ ನೋಡಿದ್ದೆ ಎಂದು ಆಗ ಗೊತ್ತಾಯಿತು. ದಿನಾ ಗಡ್ಡ ಹೆರೆಯುವಾಗ ನೋಡುತ್ತಿದ್ದೆ.

ಏನಾದರೂ ಹೇಳಲೇಬೇಕಿತ್ತು. ನಿದ್ದೆಯಲ್ಲಿದ್ದ ಹೆಂಡತಿಯ ಕಡೆ ತಿರುಗಿದೆ. "ಗಿರಿಜಾ, ನಿಮ್ಮವ್ವಗ ಹೇಳು. ಗ್ವಾಡಿಗೆ ಹೇಳಿದ್ರೂ ನನಗ ಕೇಳಸ್ತೈತಿ, ನಾ ನೀರು ತಂದು ಕೊಡ್ತೀನಿ. ನಮ್ಮ ಮನಿ ಅವ್ರದೂ ಐತಿ. ಸೋಮವಾರ ನಾ ಕೈ ಹಿಡಕೊಂಡು ಬಾಜೂಕ ಇರ್ತೀನಿ ಅಂತ ಹೇಳು."

ಹಿಂದಿನಿಂದ ಕ್ಯಾಂಪಿನವನು ನನ್ನ ಹೆಗಲು ತಟ್ಟಿದ. "ಅಣ್ಣಾ, ಅಕ್ಕಾರು ಮಕ್ಕೊಂಡಾರ. ಸೀದಾ ನೀವ ಹೇಳ್ರಲ್ಲ."

ನನಗೆ ಧೈರ್ಯ ಬರಲಿಲ್ಲ. ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. "ಕೇಳಿಸ್ತಪಾ," ಎಂದು ಆ ಹುಡುಗನಿಗೆ ಹೇಳಿದರು.

ಹುಡುಗ ಎದ್ದ. ಊರು ಉಳಿಸಿದ. ಉಳಿಸುವ ಗಡಿಬಿಡಿಯಲ್ಲಿ ಅರ್ಧ ಊರು ಕೆಡವಿದ. ದೀಪ ಹತ್ತಿದಾಗ ಗಿರಿಜಾ ಗಾಬರಿಯಿಂದ ಎದ್ದು ನನ್ನ ಮುಖ, ಅವ್ವನ ಮುಖ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಂಡರು.

"ಗಿರಿಜಾ, ನಾಳಿ ಎಷ್ಟೊತ್ತಿಗೆ ದವಾಖಾನಿಗೆ ಬರಬೇಕು ಕೇಳು."

ಮರುದಿನ ಆಸ್ಪತ್ರೆಯಲ್ಲಿ, ಒಳಗೆ ಪೇಷಂಟಿನ ಜೊತೆ ಒಬ್ಬರು ಮಾತ್ರ ಬರಬಹುದು ಎಂದರು. ಗಿರಿಜಾ ಮುಂದಾದಳು. ಅತ್ತೆ ತಡೆದರು. "ನೀ ಹೊರಗ ಕುಂದ್ರು. ಅಳೂದು ಬಿಟ್ರ ನಿನಗ ಏನೂ ಬರೂದಿಲ್ಲ. ನಿನ್ನ ಗಂಡ ಬರ್ಲಿ."

ನಾನು ಎದೆ ಉಬ್ಬಿಸಿಕೊಂಡು ಒಳಗೆ ಹೋದೆ. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಮಾತು ಕೊಟ್ಟಂತೆ ಅವರ ಕೈ ಹಿಡಿದು ನಿಂತೆ. ಅವರಿಗಿಂತ ಮುಂಚೆ ಒಬ್ಬ ಅಜ್ಜನ ಸರದಿ ಇತ್ತು. ಮರಗಟ್ಟಲೆಂದು ಅಜ್ಜನ ಕಣ್ಣಿನ ಕೆಳಗೆ ಸೂಜಿ ಚುಚ್ಚಿದರು. ಅಜ್ಜ ಸುಮ್ಮನೆ ಮಲಗಿದ್ದ. ನಾನು ಸೂಜಿ ನೋಡಿದೆ. ಆಮೇಲೆ ಮೇಲಿನ ಫ್ಯಾನ್ ನೋಡಿದೆ. ಅದರಾಚೆಗೆ ಏನೂ ನೋಡಲಿಲ್ಲ.

ಎಚ್ಚರವಾದಾಗ ಒಂದು ಮಂಚದ ಮೇಲಿದ್ದೆ. ಬೆಂಚಿನ ಮೂಲೆ ಬಡಿದು ಹಣೆ ಒಡೆದಿತ್ತು, ಪಟ್ಟಿ ಸುತ್ತಿದ್ದರು. ಯಾರೋ ನನ್ನ ಮುಖ ಒರೆಸುತ್ತಿದ್ದರು. ಕಣ್ಣು ಬಿಟ್ಟೆ. ಅತ್ತೆ! ಒಂದು ಕಣ್ಣಿಗೆ ಪಟ್ಟಿ, ತಲೆಯ ಮೇಲೆ ಸೆರಗಿಲ್ಲ. ಆ ಸೆರಗಿನಿಂದಲೇ ನನ್ನ ಮುಖ ಒರೆಸುತ್ತಿದ್ದರು. ಗಿರಿಜಾ ಅವರ ಹಿಂದೆ ನಿಂತು, ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು.

"ಅಂಜಬ್ಯಾಡ್ರಿ ಅಳಿಯಂದ್ರ," ಎಂದರು ಅತ್ತೆ. ಗೋಡೆಗಲ್ಲ, ಮಗಳಿಗಲ್ಲ. ನನಗೆ. "ನನ್ನ ಕಣ್ಣಿಂದು ಮುಗೀತು. ಭಾಳ ನೋವಿಲ್ಲ. ನೀರು ಕುಡೀತೀರೇನು?"

ಕುಡಿಯುತ್ತೇನೆ ಎಂದೆ. ಅವರೇ ಲೋಟ ಹಿಡಿದು ಕುಡಿಸಿದರು.

ಸಂಜೆ ಮಸ್ಕಿಯಲ್ಲಿ ಬಸ್ಸಿನಿಂದ ಇಳಿಯುವಾಗಲೂ ನನ್ನ ತಲೆ ತಿರುಗುತ್ತಿತ್ತು. ಅತ್ತೆ ಮೊದಲು ಇಳಿದು, ನನ್ನ ಕೈ ಹಿಡಿದು, "ಸಾವಕಾಶ, ಮೆಟ್ಲ ಐತಿ" ಎಂದು ಇಳಿಸಿಕೊಂಡರು. ಅಂಗಡಿ ಸಾಲಿನವರೆಲ್ಲ ಎದ್ದು ನಿಂತರು. ಪಕ್ಕದ ಕಿರಾಣಿ ಅಂಗಡಿಯವನು ನಮ್ಮಿಬ್ಬರ ಪಟ್ಟಿಗಳನ್ನೂ ನೋಡಿ, ಕನಿಕರದಿಂದ, ಆಪರೇಷನ್ ಯಾರಿಗಾಯಿತು ಎಂದು ಕೇಳಿದ.

"ನನಗ್ರಿ," ಎಂದರು ಅತ್ತೆ. "ಇವ್ರು ಧೈರ್ಯ ಹೇಳಾಕ ಬಂದಿದ್ರು."