ಪ್ಲೆಥೊರಾಕ್ಕೆ ಬೀಗದಂಗಡಿಯವರ ಚಿಕಿತ್ಸೆ

"ಸಂಜೆಯೊಳಗೆ ಈ ಮನೆಯ ಪ್ಲೆಥೊರಾ ವಾಸಿ ಮಾಡದಿದ್ದರೆ ನಾನು ಬೀಗದ ವ್ಯಾಪಾರಿಯೇ ಅಲ್ಲ!" ಎಂದು ಬೀಗದಂಗಡಿ ಯಜಮಾನರು ಭಾನುವಾರ ಹಲ್ಲುಜ್ಜುವ ಮೊದಲೇ ಶಪಥ ಮಾಡಿದರು.

ಹೆಂಡತಿ ಗಾಬರಿಯಾದಳು. "ಅದೇನ್ರೀ ಅದು? ಇಲಿ ಜಾತೀದಾ?"

"ಇಲಿಯಲ್ಲ ಕಣೇ, ಇಂಗ್ಲಿಷು!" ಯಜಮಾನರು ಮಗಳ ಡಿಕ್ಷನರಿಯನ್ನು ಎದೆಗವಚಿಕೊಂಡರು. "ಮೂಲ ಗ್ರೀಕ್. ತುಂಬಿಹೋಗಿರೋದು ಅಂತ ಅರ್ಥ. ಹಿಂದೆ ಮೈಯಲ್ಲಿ ರಕ್ತ ವಿಪರೀತವಾದರೆ ವೈದ್ಯರು ಅದಕ್ಕೆ ಪ್ಲೆಥೊರಾ ಅನ್ನೋರು. ಆಮೇಲೆ ಯಾವುದು ಅತಿಯಾದರೂ ಅದೇ ಹೆಸರು."

"ಔಷಧಿ ಏನು ಕೊಡೋರು?"

"ಔಷಧಿ ಎಲ್ಲಿಂದ ಬಂತು? ನರ ಕೊಯ್ದು ರಕ್ತ ಹರಿಸಿಬಿಡೋರು!"

"ರೋಗಿ ಬದುಕ್ತಿದ್ನಾ?"

"ಅಷ್ಟೆಲ್ಲ ಬರೆಯೋಕೆ ಡಿಕ್ಷನರಿಯಲ್ಲಿ ಜಾಗ ಇರಲ್ಲ ಕಣೇ."

ರೋಗ ಇದ್ದದ್ದು ಅಡುಗೆಮನೆಯ ಡ್ರಾಯರಿನಲ್ಲಿ. ಬೀಗ ಮಾರುವವರ ಮನೆ, ಕೀಲಿಕೈಗಳದೇ ರಾಶಿ. ಚಮಚ ಹುಡುಕಿದರೆ ಕೀಲಿಕೈ ಸಿಗುತ್ತಿತ್ತು. ಹೆಂಡತಿ ಒಮ್ಮೆ ಅದರಲ್ಲೇ ಕಾಫಿ ಕಲಕಿದ್ದೂ ಉಂಟು. ಯಜಮಾನರು ತಮ್ಮ ಜೇಬಿನ ಗೊಂಚಲನ್ನೂ ಬಿಚ್ಚಿ ಆ ರಾಶಿಗೇ ಸುರಿದರು. "ಚಿಕಿತ್ಸೆ ಅಂದಮೇಲೆ ನಂದು, ನಿಂದು ಅಂತ ನೋಡಬಾರದು!"

ಪರೀಕ್ಷೆ ಶಾಸ್ತ್ರೋಕ್ತವಾಗಿ ನಡೆಯಿತು. ಪ್ರತಿಯೊಂದು ಕೀಲಿಕೈಯೂ ಮುಂಬಾಗಿಲು, ಹಿಂಬಾಗಿಲು, ಬೀರು, ಟ್ರಂಕು, ಸೈಕಲ್ಲುಗಳ ದರ್ಶನ ಮಾಡಬೇಕು. ಏನನ್ನೂ ತೆರೆಯದಿದ್ದರೆ ಚೀಲಕ್ಕೆ! ಸಂಜೆಗೆ ಗುಜರಿಯವನು ಬಂದು ಚೀಲ ಹೊತ್ತುಕೊಂಡು ಹೋದ. ಯಜಮಾನರು ರಾಜ್ಯ ಗೆದ್ದವರಂತೆ ಮಲಗಿದರು.

ಸೋಮವಾರ ಅಂಗಡಿ ಮುಂದೆ ಹಾಸ್ಟೆಲ್ ವಾರ್ಡನ್ ಕಾಯುತ್ತಿದ್ದರು. ಎಲ್ಲ ಕೋಣೆಗೂ ಬೀಗ ಬೇಕಂತೆ. ವರ್ಷಕ್ಕೊಮ್ಮೆ ಸಿಗುವ ಗಿರಾಕಿ! ಯಜಮಾನರು ಠೀವಿಯಿಂದ ಗೊಂಚಲು ತೆಗೆದರು. ಮನೆಯದಿತ್ತು, ಬೀರುವಿನದಿತ್ತು, ಸೈಕಲ್ಲಿನದೂ ಇತ್ತು. ಅಂಗಡಿಯದು?

ಅಂಗಡಿಯ ಕೀಲಿಕೈ ಮನೆಯ ಯಾವ ಬೀಗವನ್ನು ತೆರೆದೀತು! ಪಾಪ, ಪರೀಕ್ಷೆಯಲ್ಲಿ ಫೇಲಾಗಿ, ಡ್ರಾಯರಿನಲ್ಲಿದ್ದ ತನ್ನ ನಕಲಿನ ಕೈಹಿಡಿದುಕೊಂಡು ಗುಜರಿ ಸೇರಿತ್ತು.

ಫೋನು ಮಾಡಿದ್ದಕ್ಕೆ ಹೆಂಡತಿ ಸುತ್ತಿಗೆ ಹಿಡಿದು ಬಂದಳು. "ಒಡೆದುಹಾಕಿ, ಅತ್ಲಾಗೆ!"

"ಮೆತ್ತಗೆ ಮಾತಾಡೇ!" ಎಂದು ಯಜಮಾನರು ಪಿಸುಗುಟ್ಟಿದರು. ತಲೆಯ ಮೇಲೆ ಬೋರ್ಡು ಕೂಗುತ್ತಿತ್ತು: 'ನಮ್ಮ ಬೀಗ ಒಡೆಯುವವನು ಇನ್ನೂ ಹುಟ್ಟಿಲ್ಲ.' ಒಡೆದರೆ ಮಾನ ಹೋಯಿತು, ಒಡೆಯದಿದ್ದರೆ ವ್ಯಾಪಾರ ಹೋಯಿತು. ಅತ್ತ ದರಿ, ಇತ್ತ ಪುಲಿ!

"ಕೊಡಿ ತಾಯಿ, ನಾನೂ ಒಂದು ಕೈ ನೋಡ್ತೀನಿ," ಎಂದು ವಾರ್ಡನ್ನರೇ ತೋಳೇರಿಸಿದರು. ಬಡಿದರು, ಬಡಿದರು, ಬೆವರಿದರು. ಸುತ್ತಿಗೆಯ ಹಿಡಿ ಮುರಿಯಿತೇ ಹೊರತು ಬೀಗ ಮಿಸುಕಲಿಲ್ಲ.

"ಭಲೇ! ಬೀಗ ಅಂದ್ರೆ ಇದು ಸ್ವಾಮಿ!"

ಯಜಮಾನರ ಎದೆ ಶರ್ಟಿನ ಗುಂಡಿ ಕೀಳುವಷ್ಟು ಉಬ್ಬಿತು. "ಎಷ್ಟು ಬೇಕು, ಹೇಳಿ!"

"ಎಲ್ಲಿವೆ?"

"...ಒಳಗಿವೆ."

ವಾರ್ಡನ್ ಕೈಯಲ್ಲಿ ಉಳಿದಿದ್ದ ಹಿಡಿಯನ್ನು ನೋಡಿದರು, ಯಜಮಾನರನ್ನು ನೋಡಿದರು. "ಎದುರಂಗಡಿಯವರ ಬೀಗ ಹೇಗೆ? ಒಡೆಯತ್ತಾ?"

ಎದುರಂಗಡಿಯ ಹೆಸರು ಕೇಳಿದರೆ ವ್ಯಾಪಾರಿಯ ನಾಲಿಗೆ ಅಪ್ಪಣೆಗೆ ಕಾಯುವುದಿಲ್ಲ. "ಅಯ್ಯೋ, ಅದೂ ಒಂದು ಬೀಗವೇ! ಒಂದೇ ಏಟಿಗೆ ಬಾಯಿ ಬಿಡತ್ತೆ!"

"ಬದುಕಿದೆ!" ಎನ್ನುತ್ತ ವಾರ್ಡನ್ ರಸ್ತೆ ದಾಟತೊಡಗಿದರು. "ನಮಗೆ ಅಂಥದೇ ಬೇಕು ಸ್ವಾಮಿ. ಕೀಲಿಕೈ ಕಳೆಯೋದ್ರಲ್ಲಿ ನಮ್ಮ ಹುಡುಗರೂ ನಿಮ್ಮಂಥವರೇ!"