ಕೂಗದ ಕೌಜುಗ

ಅಳತೆ ನೋಡಿ ಬಡಿಸುವುದು ನನ್ನ ಕೈಗೆ ಬಂದೇ ಇಲ್ಲ. ಇಬ್ಬರಿಗೆ ಮುದ್ದೆ ಕಟ್ಟು ಎಂದರೆ ಐದು ಕಟ್ಟುತ್ತೇನೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳಿಗೆ ಲೆಕ್ಕ ಎಲ್ಲಿಂದ ಬರಬೇಕು? ಈ ಕೈಯಿಂದಾಗಿ, ಮದುವೆಯಾದ ವರ್ಷವೇ ತವರಿನ ದೀಪಾವಳಿ ತಪ್ಪಿಹೋಗುವುದರಲ್ಲಿತ್ತು.

ಹುಣಸಮಾರನಹಳ್ಳಿಯ ನಮ್ಮತ್ತೆ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಮಾವನವರ ಎಡೆಗೆ ಕೌಜುಗದ ಸಾರೇ ಆಗಬೇಕು. ಊರುಕೋಳಿ ಇಟ್ಟರೆ ಮುಟ್ಟುವುದಿಲ್ಲವಂತೆ. ಬದುಕಿದ್ದಾಗ ತಂಗಳನ್ನೂ ಬಿಡದ ಮನುಷ್ಯ. ಸತ್ತ ಮೇಲೆ ನಾಲಗೆ ಉದ್ದವಾಗಿರಬೇಕು. “ಕೌಜುಗ ಸಿಕ್ರೆ ದೀಪಾವಳಿಗೆ ನಿನ್ ತವರು ಮಾಕಳಿಗೆ ಹೋಗು, ಇಲ್ದಿದ್ರೆ ಇಲ್ಲೇ ಬಿದ್ದಿರು” ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದರು.

ಕೌಜುಗ ಹಿಡಿಯಲು ಕೋವಿ ಬೇಕಿಲ್ಲ. ದೀಮಕ್ಕೆಂದು ಸಾಕಿದ ಕೌಜುಗವನ್ನು ಪಂಜರದ ಸಮೇತ ರಾಗಿ ಹೊಲದ ಬದುವಿನಲ್ಲಿಟ್ಟು, ಸುತ್ತ ಉರುಲು ಕಟ್ಟಿ ಕಾಯಬೇಕು. ಅದು ಕೂಗಿದರೆ ಕಾಡಿನ ಹಕ್ಕಿ ಜಗಳಕ್ಕೆ ಓಡಿಬಂದು ಸಿಕ್ಕಿಬೀಳುತ್ತದೆ. ಆದರೆ ದೀಮದ ಹಕ್ಕಿಯನ್ನು ಅರೆಹೊಟ್ಟೆಯಲ್ಲಿಡಬೇಕು. ಹೊಟ್ಟೆ ತುಂಬಿದ್ದು ಬಾಯಿ ಬಿಡುವುದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ದಿನಾ ಹಿತ್ತಲ ಹುತ್ತ ಕೆದಕಿ, ಸೆರಗಿನ ತುಂಬ ಗೆದ್ದಲು ತಂದು ನಮ್ಮನೆಯ ದೀಮದ ಹಕ್ಕಿಗೆ ತಿನ್ನಿಸಿದೆ.

ಯಜಮಾನರು ಮೂರು ದಿನ ಬೆಳಿಗ್ಗೆ ಹೋಗಿ ಬರಿಗೈಯಲ್ಲಿ ಬಂದರು.

“ಮದುಮಗನಂಗೆ ಕುಂತೈತೆ ಕಣವ್ವ, ಉಸಿರೇ ಇಲ್ಲ.”

“ನೀನೇನ್ಲಾ ಮಾಡ್ತಿದ್ದೆ, ಆರತಿ ಎತ್ತುತಿದ್ದಾ?” ಎಂದ ಅತ್ತೆ ಪಂಜರವನ್ನು ಎತ್ತಿ ನೋಡಿದರು. “ಅಯ್ಯೋ, ಗುಂಡುಕಲ್ಲಾಗೈತೆ! ಯಾವಳು ತಿನ್ಸಿದ್ದು?”

ಮನೆಯಲ್ಲಿ ‘ಯಾವಳು’ ಎಂದರೆ ನಾನೊಬ್ಬಳೇ. “ನಾನೇ ಅತ್ತೆಮ್ಮ. ಬಡಕಲಾಗಿತ್ತು” ಎಂದೆ.

“ಅಂಗಾದ್ರೆ ನಾಳೆ ಅಮಾಸೆ, ನೀನೇ ಹೋಗಿ ಕೂಗ್ಸು.”

ಹೋದೆ. ಯಜಮಾನರು ನನ್ನನ್ನು ಪೊದೆಯ ಹಿಂದೆ ಕೂರಿಸಿ, “ಬಾಯ್ ಮುಚ್ಕೊಂಡಿರು ಕಣೆ” ಎಂದರು. ನನಗೆ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇಲ್ಲ. ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿದು ತಲೆ ಎತ್ತಿದೆ, ಅಷ್ಟೇ. ನನ್ನ ಸೆರಗು ಕಂಡದ್ದೇ ತಡ, ಗೆದ್ದಲು ತಾ ಎಂದು ಆ ಹೊಟ್ಟೆಬಾಕ ಗಂಟಲು ಹರಿಯುವಂತೆ ಕೂಗತೊಡಗಿತು! ಬಿಸಿಲೇರುವಷ್ಟರಲ್ಲಿ ಎರಡು ಕೌಜುಗ ಉರುಲಿಗೆ ಬಿದ್ದವು. ಅತ್ತೆ ಎಡೆ ಇಟ್ಟು, ಆಮೇಲೆ ಸಾರಿನ ರುಚಿ ನೋಡಿ “ಉಪ್ಪು ಜಾಸ್ತಿ” ಎಂದರು. ಎಂದವರೇ ಅಟ್ಟದ ಮೇಲಿಂದ ನನ್ನ ಟ್ರಂಕು ಇಳಿಸಿದರು.

ದೀಪಾವಳಿಗೆ ಎಂಟು ದಿನ ಮೊದಲೇ ಮಾಕಳಿಗೆ ಬಂದೆ. ನಾಲ್ಕನೆಯ ದಿನ ನೋಡಿದರೆ, ಯಜಮಾನರು ಪಂಜರ ಹೊತ್ತು ಬಾಗಿಲಲ್ಲಿ ನಿಂತಿದ್ದಾರೆ.

“ಹಬ್ಬ ಇನ್ನೂ ದೂರ ಐತಲ್ಲ?”

“ನೀನ್ ಬಂದಾಗ್ನಿಂದ ಇದು ಸರಿಯಾಗಿ ತಿಂತಿಲ್ಲ ಕಣೆ” ಎಂದು ನೆಲ ನೋಡಿದರು.

ಪಂಜರದೊಳಗೆ ಇಣುಕಿದೆ. ಹಕ್ಕಿ ಹಾಗೇ ದುಂಡಗಿತ್ತು. ಇಳಿದುಹೋಗಿದ್ದವರು ಇವರು. ಬುದ್ಧಿಯಿದ್ದ ಹೆಂಗಸಾಗಿದ್ದರೆ ನಾಚಿಕೊಂಡು ಒಳಗೆ ಕರೆಯುತ್ತಿದ್ದಳು. ನಾನು, “ಹಕ್ಕಿ ಚೆನ್ನಾಗೇ ಐತೆ, ತಗೊಂಡೋಗಿ” ಎಂದುಬಿಟ್ಟೆ. ಪುಣ್ಯಾತ್ಮ ತಿರುಗಿ ಹೊರಟೇಬಿಟ್ಟರು! ತುಮಕೂರು ರಸ್ತೆಯ ತನಕ ಓಡಿ, ಬಸ್ಸಿಗೆ ಕೈ ಅಡ್ಡ ಹಿಡಿದಿದ್ದವರನ್ನು ಅಂಗಿ ಜಗ್ಗಿ ವಾಪಸು ಕರೆತಂದವಳೂ ನಾನೇ.